ಊಟ ಆಯ್ತಾ, ಭೈರಣ್ಣ?

ಏಳು ತಿಂಗಳು. ಹದಿನೈದು ದಿನಕ್ಕೊಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಟೇಬಲ್ ಸುತ್ತ ಐದು ಜನ ಕೂರುತ್ತಿದ್ದೆವು. ಅಷ್ಟೂ ದಿನ ನನ್ನ ಎದುರಿನ ಕುರ್ಚಿಯ ಗೆಳೆಯ ಆಟದೊಳಗೆ ಆಡಿದ ಮಾತು ಎರಡೇ. ಒಂದು, "ಹೊಡೀತೀನಿ." ಇನ್ನೊಂದು, ದಾಳದಲ್ಲಿ ಬಿದ್ದ ಸಂಖ್ಯೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡದವರಿಗೆ ನಾಲ್ಕು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಿಎಂ, ಅಂದರೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಉಳಿದವರದು ಒಬ್ಬೊಬ್ಬರಿಗೆ ಒಂದೊಂದು ಪಾತ್ರ. "ಬಾಗಿಲು ಹಾಕಿದೆ. ಒಳಗೆ ಯಾರೋ ಅಳ್ತಿರೋ ಸದ್ದು. ಏನು ಮಾಡ್ತೀರಿ?" ಅಂತ ಡಿಎಂ ಕೇಳುತ್ತಾರೆ. ಆಟಗಾರರು ಏನು ಮಾಡುತ್ತಾರೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ನಮ್ಮ ಮನೆಯಲ್ಲಿ ಡಿಎಂ ನಾನು. ಆ ಗೆಳೆಯನ ಪಾತ್ರ ಭೈರ ಎಂಬ ಡ್ವಾರ್ಫ್ ಯೋಧ. ಕುಳ್ಳ, ಎದೆವರೆಗೆ ಗಡ್ಡ, ಕೈಯಲ್ಲಿ ಕೊಡಲಿ.

ಅವನಿಗೆ ಆಟ ಇಷ್ಟ ಇರಲಿಲ್ಲ ಅಂತಲ್ಲ. ಒಂದು ಭಾನುವಾರವೂ ತಪ್ಪಿಸಿದವನಲ್ಲ. ನಿಯಮಗಳು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಆದರೆ ಭೈರನಿಗೆ ಬಾಯಿ ಇರಲಿಲ್ಲ. ಉಳಿದವರು ಊರಗೌಡನ ಜೊತೆ ವಾದಕ್ಕೆ ಇಳಿದಾಗ, ಸಂತೆಯಲ್ಲಿ ಚೌಕಾಸಿ ಮಾಡುವಾಗ, ಇವನು ತನ್ನ ದಾಳಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಾ ಕೂತಿರುತ್ತಿದ್ದ. ಯಾರಾದರೂ ಕತ್ತಿ ಹಿರಿದರೆ ಸಾಕು, ಬೆನ್ನು ನೆಟ್ಟಗಾಗುತ್ತಿತ್ತು.

ಅವನ ಬಾಯಿ ಬಿಡಿಸಬೇಕು ಅಂತ ನಾನು ಮಾಡಿದ್ದೆಲ್ಲ ತಪ್ಪೇ ಆಯಿತು. ಮೊದಲು, ಎಲ್ಲರೂ ತಮ್ಮ ಪಾತ್ರದ ಹಿನ್ನೆಲೆಯನ್ನು ಎರಡು ಪುಟ ಬರೆದುಕೊಂಡು ಬನ್ನಿ ಅಂದೆ. ಅವನು ವಾಟ್ಸಾಪಿನಲ್ಲಿ ಕಳಿಸಿದ್ದು ಇಷ್ಟು: "ಭೈರ. ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಈಗ ಮಾಡುತ್ತಿಲ್ಲ." ಇಷ್ಟೇನಾ ಅಂತ ಬೇಜಾರಾಗಿ ಅದನ್ನು ಅಲ್ಲಿಗೇ ಬಿಟ್ಟೆ. ಆಮೇಲೆ, ಪಾತ್ರವಾಗಿ ಚೆನ್ನಾಗಿ ಮಾತಾಡಿದವರಿಗೆ ಹೆಚ್ಚು ಪಾಯಿಂಟ್ ಕೊಡುತ್ತೇನೆ ಅಂತ ಹೇಳಿದೆ. ಅದು ಶಾಲೆಯಲ್ಲಿ ಅಂಕ ಕೊಟ್ಟ ಹಾಗಾಯಿತು. ಮಾತುಗಾರರಿಗೆ ಇನ್ನಷ್ಟು ಸಿಕ್ಕಿತು. ಸುಮ್ಮನಿದ್ದವರು ಇನ್ನಷ್ಟು ಸುಮ್ಮನಾದರು.

ಮೂರನೆಯದು ಇನ್ನೂ ಕೆಟ್ಟದ್ದು. ನಾನೇ ಜೋರಾಗಿ ಅಭಿನಯಿಸಿ ತೋರಿಸಲು ಶುರುಮಾಡಿದೆ. ಒಂದೊಂದು ಪಾತ್ರಕ್ಕೂ ಒಂದೊಂದು ದನಿ, ಗೊಗ್ಗರು ನಗು, ಕೈಕಾಲು ಆಡಿಸುವುದು. ಅಮೆರಿಕದ ಕ್ರಿಟಿಕಲ್ ರೋಲ್ ತಂಡದವರು 2015ರಿಂದ ತಮ್ಮ ಆಟವನ್ನು ಇಂಟರ್ನೆಟ್ಟಿನಲ್ಲಿ ಪ್ರಸಾರ ಮಾಡುತ್ತಿದ್ದಾರೆ. ನಾವೆಲ್ಲ ಅದನ್ನು ನೋಡಿದವರೇ. ಆದರೆ ಅವರು ಕಂಠದಾನವನ್ನೇ ಕಸುಬು ಮಾಡಿಕೊಂಡವರು. ನನ್ನ ಗೆಳೆಯರಲ್ಲಿ ಒಬ್ಬರು ಲೆಕ್ಕಪತ್ರ ನೋಡುವವರು, ಒಬ್ಬರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು. ನಾನು ಜಾಸ್ತಿ ಅಭಿನಯಿಸಿದಷ್ಟೂ ಅವರಿಗೆ ತಲುಪುತ್ತಿದ್ದ ಮಾತು ಒಂದೇ: ಇದು ನಟರ ಆಟ, ನಿಮ್ಮಿಂದಾಗದು.

ರೋಲ್‌ಪ್ಲೇ ಅಂದರೆ ದನಿ ಬದಲಿಸುವುದು ಅಲ್ಲವೇ ಅಲ್ಲ. ಇನ್ನೊಬ್ಬರ ಜಾಗದಲ್ಲಿ ನಿಂತು ಒಂದು ತೀರ್ಮಾನ ಮಾಡುವುದು. ಅದು ಬಾಯಿಬಿಟ್ಟು ಹೇಳಿದ ಮಾತಾಗಿರಬಹುದು, ಮಾತಾಡದೆ ಎದ್ದು ಹೋಗುವುದಾಗಿರಬಹುದು. ಇದು ತಿಳಿಯಲು ನನಗೆ ಏಳು ತಿಂಗಳು ಬೇಕಾಯಿತು.

ಈ ಆಟ ಹುಟ್ಟಿದ ಕಥೆಯಲ್ಲೇ ಇದು ಇದೆ. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಅನ್ನುವವರು ಗೆಳೆಯರಿಗಾಗಿ ಒಂದು ಯುದ್ಧದಾಟ ಹೂಡಿದರು. ಬ್ರೌನ್‌ಸ್ಟೈನ್ ಅನ್ನುವ ಕಲ್ಪನೆಯ ಊರು, ನೆಪೋಲಿಯನ್ ಕಾಲ. ಇಂಥ ಆಟಗಳಲ್ಲಿ ಆಟಗಾರರ ಕೈಗೆ ಸಿಗುತ್ತಿದ್ದದ್ದು ಸೈನ್ಯ. ವೆಸ್ಲಿ ಕೆಲವರಿಗೆ ಸೈನ್ಯದ ಬದಲು ಊರಿನ ಕೆಲಸ ಕೊಟ್ಟರು. ಒಬ್ಬರು ಮೇಯರ್, ಒಬ್ಬರು ಬ್ಯಾಂಕಿನವರು, ಒಬ್ಬರು ವಿಶ್ವವಿದ್ಯಾಲಯದ ಕುಲಪತಿ. ಯುದ್ಧ ಪಕ್ಕಕ್ಕೆ ಸರಿಯಿತು. ಎಲ್ಲರೂ ಒಬ್ಬರ ಜೊತೆ ಒಬ್ಬರು ಮಾತಿಗೆ ನಿಂತುಬಿಟ್ಟರು. ಇಬ್ಬರು ದ್ವಂದ್ವಯುದ್ಧಕ್ಕೇ ಸವಾಲು ಹಾಕಿಕೊಂಡರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ನಿಂತಲ್ಲೇ ಒಂದು ಮಾಡಬೇಕಾಯಿತು. ಎಲ್ಲ ಕೈಮೀರಿ ಹೋಯಿತು, ಆಟ ಕೆಟ್ಟಿತು ಅಂದುಕೊಂಡರು ಅವರು. ಆಡಿದವರು ಮಾತ್ರ ಇನ್ನೊಂದು ಸಲ ಆಡಿಸಿ ಅಂತ ಬೆನ್ನುಹತ್ತಿದರು.

ಅದೇ ಬಳಗದ ಡೇವ್ ಆರ್ನೆಸನ್ ಆಮೇಲೆ ಬ್ಲ್ಯಾಕ್‌ಮೂರ್ ಎಂಬ ಆಟ ಕಟ್ಟಿದರು. ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದರು. ಆ ಮೊದಲ ಪೆಟ್ಟಿಗೆಯ ಮೇಲೂ ಇದ್ದದ್ದು ಯುದ್ಧದಾಟದ ನಿಯಮಗಳು ಎಂಬ ಮಾತೇ. ಅಂದರೆ, ಪಾತ್ರವಾಗಿ ಮಾತಾಡಿ ಅಂತ ಬ್ರೌನ್‌ಸ್ಟೈನ್‌ನಲ್ಲಿ ಯಾರೂ ಪಾಠ ಮಾಡಿರಲಿಲ್ಲ. ಮೇಯರ್ ಮಾಡಿದರು, ಮೇಯರ್‌ಗೆ ಮಾತಾಡುವ ಕೆಲಸ ಇತ್ತು, ಮಾತಾಡಿದರು. ನಾನು ಭೈರನಿಗೆ ಕೊಟ್ಟಿದ್ದ ಕೆಲಸ ಹೊಡೆಯುವುದೊಂದೇ. ಅವನು ಅದನ್ನು ಚಾಚೂ ತಪ್ಪದೆ ಮಾಡುತ್ತಿದ್ದ.

ಇನ್ನೊಂದು ಮನೆಯ ಹತ್ತಿರದ ನೆನಪಿದೆ. ನನ್ನ ಊರು ಪುತ್ತೂರಿನ ಕಡೆ. ಆಟಿ ತಿಂಗಳ ಮಳೆಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಆಗ ತಾಳಮದ್ದಲೆ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕೂತು ಮಾತಾಡುವುದು. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಪಾತ್ರವಾಗಿ ತಮ್ಮದೇ ಮಾತಲ್ಲಿ ಅರ್ಥ ಹೇಳುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ನಾವು ಭಾನುವಾರ ಮಾಡುವುದಕ್ಕೂ ಇದಕ್ಕೂ ಎಷ್ಟು ಹತ್ತಿರ ಅಲ್ವಾ? ದಾಳ ಒಂದು ಇಲ್ಲ ಅಷ್ಟೇ.

ಒಂದು ರಾತ್ರಿ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ ಅಂಗದ ಸಂಧಾನ ಇತ್ತು. ಅಂಗದನ ಪಾತ್ರಕ್ಕೆ ಹತ್ತನೇ ಕ್ಲಾಸಿನ ಹುಡುಗ, ಮೊದಲ ಸಲ. ರಾವಣ ನಮ್ಮ ದೊಡ್ಡಪ್ಪ. ಪದ ಮುಗಿಯಿತು, ಮದ್ದಲೆ ನಿಂತಿತು, ಹುಡುಗನ ಬಾಯಿಂದ ಮಾತೇ ಹೊರಡಲಿಲ್ಲ. ಶಾಲಿನ ಅಂಚು ತಿರುಚುತ್ತಾ ಕೂತ. ಹೊರಗೆ ಮಳೆ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಗ ದೊಡ್ಡಪ್ಪ ದನಿ ಏರಿಸಲಿಲ್ಲ. ಸ್ವಲ್ಪ ಮುಂದೆ ಬಾಗಿ ಕೇಳಿದರು, "ಇಷ್ಟು ದೂರ ಬಂದವನು, ನೀನು ಯಾರ ಮಗ?"

ಹುಡುಗ ಹೇಳಿದ, "ವಾಲಿಯ ಮಗ."

ಕೂತವರೆಲ್ಲ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ವಾಲಿ ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿದ ಕಥೆ ಯಾರಿಗೆ ಗೊತ್ತಿಲ್ಲ? ಎರಡು ಅಕ್ಷರದ ಹೆಸರು ಹೇಳಿ ಹುಡುಗ ರಾವಣನ ಮುಖಕ್ಕೇ ಹೊಡೆದಿದ್ದ. ಹೊಡೆಯಲು ಜಾಗ ಮಾಡಿಕೊಟ್ಟದ್ದು ರಾವಣನೇ. ಅಲ್ಲಿಂದ ಮುಂದೆ ಹುಡುಗನ ಮಾತು ನಿಲ್ಲಲಿಲ್ಲ.

ಅದು ನೆನಪಾದದ್ದು ಬಹಳ ತಡವಾಗಿ. ನೆನಪಾದ ಮೇಲೆ, ಮುಂದಿನ ಭಾನುವಾರಕ್ಕೆ ನಾನು ಯುದ್ಧ, ನಿಧಿ, ಮಾಯಾಲೋಕ ಏನನ್ನೂ ತಯಾರು ಮಾಡಲಿಲ್ಲ. ಒಂದು ಹೊಳೆ, ಹೊಳೆದಾಟಲು ಒಂದು ದೋಣಿ, ದಡದಲ್ಲೊಂದು ಗುಡಿಸಲು, ಗುಡಿಸಲಲ್ಲಿ ಒಬ್ಬಳು ಮುದುಕಿ. ಕತ್ತಲಾಗಿದೆ, ದೋಣಿ ಬೆಳಿಗ್ಗೆಯೇ. ಮುದುಕಿ ಎಲ್ಲರಿಗೂ ಚಾಪೆ ಹಾಸಿದಳು. ನಾನು ದನಿ ಬದಲಿಸಲಿಲ್ಲ. ನನ್ನದೇ ದನಿಯಲ್ಲಿ, ಎದುರಿನ ಕುರ್ಚಿಯ ಕಡೆ ತಿರುಗಿ, ಮುದುಕಿಯಾಗಿ ಕೇಳಿದೆ:

"ಊಟ ಆಯ್ತಾ, ಭೈರಣ್ಣ?"

"ಇಲ್ಲ ಕಣವ್ವ," ಅಂದ.

ಯೋಚನೆ ಮಾಡಿ ಹೇಳಿದ್ದಲ್ಲ. ಕನ್ನಡದವರಿಗೆ ಊಟ ಆಯ್ತಾ ಅಂತ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಯಾರಿಗೂ ಬರುವುದಿಲ್ಲ. ಆದರೆ ಏಳು ತಿಂಗಳಲ್ಲಿ ಮೊದಲ ಸಲ ಭೈರ ಒಂದು ಪ್ರಶ್ನೆಗೆ ತಾನಾಗಿ ಉತ್ತರ ಕೊಟ್ಟಿದ್ದ. ಅದೂ ಅವನ ಮಂಡ್ಯದ ಕನ್ನಡದಲ್ಲಿ.

"ರೊಟ್ಟಿ ಐತೆ, ಕೊಡ್ಲಾ?"

"ಬ್ಯಾಡ. ಕತ್ಲಾದ್ಮೇಲೆ ಉಣ್ಣಕಿಲ್ಲ ನಾನು."

ಇದು ನನಗೂ ಹೊಸದು. ಅವನಿಗೂ ಹೊಸದು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು "ಯಾಕಪ್ಪ?" ಅಂದೆ. ಅಷ್ಟೇ ಅಂದೆ. ಅವನು ಇಪ್ಪತ್ತು ಮುಖದ ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಮೊದಲಾಗಿದ್ದರೆ ಆ ಮೌನ ತುಂಬಿಸಲು ನಾನೇ ಏನಾದರೂ ಹೇಳಿಬಿಡುತ್ತಿದ್ದೆ. ಆವತ್ತು ಕಾದೆ. ಆಮೇಲೆ ಅವನು ಹೇಳಿದ. ಗಣಿಯೊಳಗೆ ಬುತ್ತಿ ಕತ್ತಲಲ್ಲೇ ಬರುತ್ತಿತ್ತು. ಅಣ್ಣ ತಮ್ಮ ಒಂದೇ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದರು. ಒಂದು ದಿನ ಬುತ್ತಿ ಬಂತು, ತಮ್ಮ ಬರಲಿಲ್ಲ. ಮೇಲಿನ ಸುರಂಗ ಕುಸಿದಿತ್ತು. "ಅವತ್ತು ಗೊತ್ತಿಲ್ದೆ ಅವನ ಪಾಲೂ ತಿಂದ್ಬುಟ್ಟೆ" ಅಂದ.

ಟೇಬಲ್ ಸುತ್ತ ಯಾರೂ ಉಸಿರೆತ್ತಲಿಲ್ಲ. ಎಲ್ಫ್ ಎಂಬ ದೀರ್ಘಾಯುಷಿ ಕುಲದ ಮಂತ್ರವಾದಿಯ ಪಾತ್ರ ಮಾಡುವ ಗೆಳತಿ ಚಕ್ಕುಲಿ ತಟ್ಟೆಯತ್ತ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ನನಗೆ ಆಗ ವಾಟ್ಸಾಪಿನ ಆ ಮೂರು ಸಾಲು ಕಣ್ಣಮುಂದೆ ಬಂತು. "ಈಗ ಮಾಡುತ್ತಿಲ್ಲ." ಯಾಕೆ ಮಾಡುತ್ತಿಲ್ಲ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಎರಡು ಪುಟ ಕೇಳಿದ ನಾನು ಆ ಒಂದು ಮಾತು ಕೇಳಿರಲಿಲ್ಲ.

ಸೆಷನ್ ಮುಗಿದ ಮೇಲೆ ಅವನನ್ನು ಬಸ್‌ಸ್ಟಾಪ್‌ವರೆಗೆ ಬಿಡಲು ಹೋದೆ. ಈ ತಮ್ಮನ ವಿಷಯ ಮುಂದೆ ಕಥೆಯಲ್ಲಿ ತರಲಾ, ಬೇಡವಾ ಅಂತ ಕೇಳಿದೆ. ಕೇಳಲೇಬೇಕು ಅಂತ ನನ್ನ ನಂಬಿಕೆ. ಪಾತ್ರದ ಬಾಯಲ್ಲಿ ಬಂದದ್ದು ಎಷ್ಟು ಕಲ್ಪನೆ, ಎಷ್ಟು ತಮ್ಮದು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಜಾನ್ ಸ್ಟಾವ್ರೊಪೌಲೋಸ್ ಅನ್ನುವವರು ಎಕ್ಸ್ ಕಾರ್ಡ್ ಅಂತ ಒಂದು ಸರಳ ಉಪಾಯ ಮಾಡಿದ್ದಾರೆ. ಟೇಬಲ್ ಮಧ್ಯೆ ಎಕ್ಸ್ ಬರೆದ ಒಂದು ಕಾರ್ಡ್. ಯಾರಿಗಾದರೂ ನಡೆಯುತ್ತಿರುವುದು ತಡೆಯಲಾಗದಿದ್ದರೆ ಅದನ್ನು ಮುಟ್ಟುತ್ತಾರೆ. ಕಾರಣ ಕೇಳುವ ಹಾಗಿಲ್ಲ, ಆ ವಿಷಯ ಅಲ್ಲಿಗೆ ಬಿಡಬೇಕು. ನಮ್ಮ ಟೇಬಲ್ಲಿನಲ್ಲಿ ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇವೆ. ಈವರೆಗೆ ಎರಡು ಸಲ ಮುಟ್ಟಿದ್ದಾರೆ. ಅದು ಅಲ್ಲಿದೆ ಅನ್ನುವ ಧೈರ್ಯಕ್ಕೇ ಜನ ಸ್ವಲ್ಪ ಆಳಕ್ಕೆ ಇಳಿಯುತ್ತಾರೆ.

"ತಾ, ಪರವಾಗಿಲ್ಲ" ಅಂದ ಅವನು.

ಆ ರಾತ್ರಿ ನನಗೆ ಹೊಳೆದ ಇನ್ನೊಂದು ವಿಷಯ ಭಾಷೆಯದು. ಅಲ್ಲಿಯವರೆಗೆ ನಾವು ಆಡುತ್ತಿದ್ದದ್ದು ಅರ್ಧ ಇಂಗ್ಲಿಷಿನಲ್ಲಿ. ಪುಸ್ತಕ ಇಂಗ್ಲಿಷ್, ಮಂತ್ರಗಳ ಹೆಸರು ಇಂಗ್ಲಿಷ್, ಹಾಗಾಗಿ ರಾಜನೂ ಇಂಗ್ಲಿಷೇ ಮಾತಾಡುತ್ತಿದ್ದ. ಆಫೀಸಿನ ಮೀಟಿಂಗಿನಲ್ಲಿ ಬಳಸುವ ಇಂಗ್ಲಿಷ್ ಬಿಟ್ಟರೆ ಬೇರೆ ಇಂಗ್ಲಿಷ್ ನಮಗ್ಯಾರಿಗೂ ಅಷ್ಟಾಗಿ ಬಾರದು. ಆ ಭಾಷೆಯಲ್ಲಿ ಒಬ್ಬ ಗಣಿ ಕೆಲಸದವನು ತಮ್ಮನ ಸಾವನ್ನು ಹೇಗೆ ಹೇಳಬೇಕು? ಈಗ ನಿಯಮಕ್ಕೆ ಇಂಗ್ಲಿಷ್, ಮಾತಿಗೆ ಅವರವರ ಊರ ಕನ್ನಡ. ಮಂತ್ರವಾದಿ ಧಾರವಾಡದವಳು, ಅವಳ ಎಲ್ಫ್ "ಏನ್ರೀ ಯಪ್ಪಾ, ಬಾಗಲಾ ತಗೀರಿ" ಅನ್ನುತ್ತಾಳೆ. ನೂರಾರು ವರ್ಷ ಬದುಕಿದ ಎಲ್ಫ್ ಹಾಗೆ ಮಾತಾಡಿದರೆ ಎಷ್ಟು ಚಂದ ಗೊತ್ತಾ?

ಕನ್ನಡ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರಾಜನ ಮುಂದೆ ನಿಂತ ಪಾತ್ರ ಬಾಯಿ ತೆರೆಯುವ ಮೊದಲೇ ಒಂದು ತೀರ್ಮಾನ ಮಾಡಬೇಕು: ನೀನು, ನೀವು, ತಾವು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಒಮ್ಮೆ ನಮ್ಮ ಬಾರ್ಡ್, ಅಂದರೆ ಹಾಫ್ ಎಲ್ಫ್ ಹಾಡುಗಾತಿ, ದರಬಾರಿನಲ್ಲಿ ರಾಜನಿಗೆ "ನೀನು" ಅಂದುಬಿಟ್ಟಳು. ಬಾಯಿತಪ್ಪಿ ಅಂದದ್ದು. ಸರಿ, ಸರಿ, ನೀವು ಅಂತ ತಿದ್ದಿಕೊಳ್ಳಲು ಹೊರಟಳು. ನಾನು ರಾಜನಾಗಿ ಸ್ವಲ್ಪ ಹೊತ್ತು ಅವಳನ್ನೇ ನೋಡಿ, "ನನ್ನ ಜೊತೆ ಏಕವಚನದಲ್ಲಿ ಮಾತಾಡಿದವರು ಈ ಅರಮನೆಯಲ್ಲಿ ಒಬ್ಬರೇ ಇದ್ದರು. ನಿನಗೆ ಅವರು ಗೊತ್ತಾ?" ಅಂದೆ. ಅವಳು ಎರಡು ಕ್ಷಣ ತಡೆದು, "ಗೊತ್ತು. ನಿನ್ನ ತಾಯಿ. ಅವರೇ ನನ್ನನ್ನ ಕಳಿಸಿದ್ದು" ಅಂದಳು. ಆಮೇಲಿನ ಮೂರು ಸೆಷನ್ ಆ ತಾಯಿಯ ಕಥೆಯೇ. ನಾನು ಬರೆದಿಟ್ಟುಕೊಂಡಿದ್ದ ಕಥೆಯನ್ನು ಪಕ್ಕಕ್ಕಿಟ್ಟೆ, ಅದಕ್ಕಿಂತ ಇದು ಚೆನ್ನಾಗಿತ್ತು.

ಆಟಗಾರರು ಕೊಟ್ಟ ಉತ್ತರವನ್ನು ಕಥೆ ನೆನಪಿಟ್ಟುಕೊಂಡರೆ ಅವರು ಮತ್ತೆ ಉತ್ತರ ಕೊಡುತ್ತಾರೆ. ಇದಕ್ಕಿಂತ ದೊಡ್ಡ ಪ್ರೋತ್ಸಾಹ ನಾನು ಕಂಡಿಲ್ಲ. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟ ಇದನ್ನು ನಡೆಸುವವರಿಗೆ ನಿಯಮವಾಗಿಯೇ ಕೊಡುತ್ತದೆ: ಆಟಗಾರರನ್ನಲ್ಲ, ಪಾತ್ರವನ್ನು ಮಾತಾಡಿಸು, ಕೆಣಕುವ ಪ್ರಶ್ನೆ ಕೇಳು, ಬಂದ ಉತ್ತರದ ಮೇಲೆ ಕಟ್ಟು. ನಾನೀಗ ಒಂದು ಚಿಕ್ಕ ನೋಟ್‌ಪುಸ್ತಕ ಇಟ್ಟಿದ್ದೇನೆ. ಎಡಗಡೆ ಪಾತ್ರ ಹೇಳಿದ ಸಣ್ಣ ಮಾತು, ಬಲಗಡೆ ಅದು ಕಥೆಯಲ್ಲಿ ತಿರುಗಿ ಬಂದ ದಿನ. ಬಲಗಡೆ ಖಾಲಿ ಇರುವ ಸಾಲುಗಳನ್ನು ಶನಿವಾರ ರಾತ್ರಿ ನೋಡುತ್ತೇನೆ. ನನ್ನ ತಯಾರಿಯಲ್ಲಿ ಅರ್ಧ ಅದೇ.

ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲೂ ಇದಕ್ಕೊಂದು ಏರ್ಪಾಡಿದೆ. ಪಾತ್ರದ ಹಾಳೆಯಲ್ಲಿ ಸ್ವಭಾವ, ಆದರ್ಶ, ನಂಟು, ದೌರ್ಬಲ್ಯ ಅಂತ ನಾಲ್ಕು ಚೌಕ ಇರುತ್ತವೆ. ಅದರಂತೆ ನಡೆದುಕೊಂಡವರಿಗೆ ಡಿಎಂ ಇನ್‌ಸ್ಪಿರೇಷನ್ ಕೊಡಬಹುದು. ಅದನ್ನು ಖರ್ಚು ಮಾಡಿದರೆ ಒಂದರ ಬದಲು ಎರಡು ದಾಳ ಹಾಕಿ ದೊಡ್ಡದನ್ನು ತೆಗೆದುಕೊಳ್ಳಬಹುದು. ಸರಾಸರಿ 10.5 ಬೀಳುವ ಕಡೆ 13.8 ಬೀಳುತ್ತದೆ, ಸಣ್ಣ ಲಾಭವೇನಲ್ಲ. ತನಗೆ ಸಿಕ್ಕಿದ್ದನ್ನು ಪಕ್ಕದವರಿಗೂ ಕೊಡಬಹುದು, ನನಗೆ ಅದೇ ತುಂಬಾ ಇಷ್ಟ. ಫೇಟ್ ಎಂಬ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪಾತ್ರದ ದೌರ್ಬಲ್ಯದಿಂದ ತೊಂದರೆ ಆಗಲಿ ಅಂತ ಒಪ್ಪಿಕೊಂಡರೆ ಒಂದು ಪಾಯಿಂಟ್ ಕೈಗೆ ಬರುತ್ತದೆ. ಬೇಡ ಅನ್ನಬೇಕಾದರೆ ಒಂದು ಪಾಯಿಂಟ್ ಕೊಡಬೇಕು. ಸೋಲುವುದಕ್ಕೂ ಬೆಲೆ ಸಿಕ್ಕರೆ ಜನ ಪಾತ್ರದ ತಪ್ಪುಗಳನ್ನು ಬಚ್ಚಿಡುವುದಿಲ್ಲ.

ಆದರೆ ಇವೆಲ್ಲ ಒಲೆಯ ಮೇಲಿಟ್ಟ ಪಾತ್ರೆಗೆ ಹಾಕುವ ಒಗ್ಗರಣೆ. ಪಾತ್ರೆಯಲ್ಲಿ ಏನಾದರೂ ಬೇಯುತ್ತಿರಬೇಕು.

ದಾಳದ ವಿಷಯದಲ್ಲೂ ನಾನು ಬದಲಾಗಿದ್ದೇನೆ. ಭೈರನ ಆಟಗಾರನಿಗೆ ಬಾಗಿಲು ಒಡೆಯಬೇಕಾದಾಗ ನಮ್ಮ ಟೇಬಲ್ ಎತ್ತಿ ತೋರಿಸು ಅಂತ ನಾನು ಕೇಳುವುದಿಲ್ಲವಲ್ಲ. ಹಾಗಿದ್ದ ಮೇಲೆ ಮಾತಿನ ಮಲ್ಲಿಯ ಪಾತ್ರ ತೆಗೆದುಕೊಂಡ ಸಂಕೋಚದ ಹುಡುಗಿಗೆ ಭಾಷಣ ಮಾಡು ಅಂತ ಯಾಕೆ ಕೇಳಬೇಕು? "ಕಾವಲುಗಾರನನ್ನ ಒಪ್ಪಿಸ್ತೀನಿ" ಅಂದರೆ ನಾನು ಕೇಳುವುದು, "ಏನು ಹೇಳಿ? ಹೆದರಿಸ್ತೀಯಾ, ಆಸೆ ತೋರಿಸ್ತೀಯಾ, ಇಲ್ಲ ನಿಜ ಹೇಳ್ತೀಯಾ?" ಒಂದು ಸಾಲು ಸಾಕು. ಅದು ಆ ಕಾವಲುಗಾರನ ಮನಸ್ಸಿಗೆ ತಾಗುವಂಥದ್ದಾದರೆ 15 ಬೇಕಾದ ಕಡೆ 10 ಬಿದ್ದರೂ ಸಾಕು ಅನ್ನುತ್ತೇನೆ. ನಿಜವಾಗಿ ಮನ ಮುಟ್ಟಿಬಿಟ್ಟರೆ ದಾಳವೇ ಬೇಡ. ಒಬ್ಬರು ಅಂತಃಕರಣದಿಂದ ಮಾತಾಡಿದ ಮೇಲೆ ದಾಳ ಹಾಕಿಸಿ, 3 ಬಿತ್ತು, ಅವನು ಒಪ್ಪಲಿಲ್ಲ ಅಂದರೆ, ಅವರು ಮತ್ತೆ ಬಾಯಿ ಬಿಡುವುದು ಯಾವಾಗ?

ನಮ್ಮ ನಾಲ್ಕನೆಯ ಆಟಗಾರ ನೋಮ್ ಎಂಬ ಪುಟ್ಟ ಆಳುಗಳ ಕುಲದ ಕಳ್ಳನ ಪಾತ್ರದವನು. ಅವನು ಇವತ್ತಿಗೂ "ನಾನು" ಅನ್ನುವುದಿಲ್ಲ. "ಅವನು ಸಿಟ್ಟಾಗಿ ಎದ್ದು ಹೋಗ್ತಾನೆ, ಹೋಗುವಾಗ ಗೌಡನ ಉಂಗುರ ಎತ್ಕೊಂಡು ಹೋಗ್ತಾನೆ" ಅಂತ ಕಥೆ ಹೇಳಿದ ಹಾಗೆ ಹೇಳುತ್ತಾನೆ. ಮೊದಮೊದಲು ನಾನು ತಿದ್ದುತ್ತಿದ್ದೆ. ಈಗ ಇಲ್ಲ. ಅದೂ ರೋಲ್‌ಪ್ಲೇನೇ. ತನ್ನ ಪಾತ್ರದ ಸಿಟ್ಟು ಅವನಿಗೆ ಗೊತ್ತು, ಅದು ಏನು ಮಾಡಿಸುತ್ತದೆ ಅಂತಲೂ ಗೊತ್ತು. ಇನ್ನೇನು ಬೇಕು?

ಕಳೆದ ತಿಂಗಳ ಒಂದು ಭಾನುವಾರದ ಮಾತು ಹೇಳಿ ಮುಗಿಸುತ್ತೇನೆ. ನಾಲ್ವರೂ ಒಂದು ಹಳೆಯ ಗಣಿಯೊಳಗೆ ಇಳಿದಿದ್ದರು. ಭೈರನದೇ ಗಣಿ. ಕುಸಿದ ಸುರಂಗದ ಆಚೆ ಕುಳ್ಳ ರಾಕ್ಷಸರಂಥ ಗಾಬ್ಲಿನ್‌ಗಳು ಬೀಡು ಬಿಟ್ಟಿದ್ದವು. ಇವರು ಬಂಡೆಯ ಮರೆಯಲ್ಲಿ ಅಡಗಿದ್ದರು. 2014ರ ಆವೃತ್ತಿಯ ನಿಯಮದಂತೆ ಡ್ವಾರ್ಫ್‌ಗೆ ಕತ್ತಲಲ್ಲೂ 60 ಅಡಿ ಕಣ್ಣು ಕಾಣುತ್ತದೆ. ಎಲ್ಫ್, ಹಾಫ್ ಎಲ್ಫ್, ನೋಮ್ ಎಲ್ಲರಿಗೂ ಹಾಗೇ. ಬೆಳಕು ಯಾರಿಗೂ ಬೇಕಿಲ್ಲ. ಬೆಳಕು ಮಾಡಿದರೆ ಗಾಬ್ಲಿನ್‌ಗಳಿಗೆ ಇವರ ಜಾಗ ಗೊತ್ತಾಗುವುದು ಖಂಡಿತ.

ರಾತ್ರಿ ಇಲ್ಲೇ ತಂಗುತ್ತೀರಾ, ಬುತ್ತಿ ಬಿಚ್ಚುತ್ತೀರಾ ಅಂತ ಕೇಳಿದೆ. ಮೂವರು ಹೂಂ ಅಂದರು. ಭೈರ ಏನೂ ಹೇಳಲಿಲ್ಲ. ಅವನ ಆಟಗಾರ ದಾಳಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು ಶುರುಮಾಡಿದ.

ಮಂತ್ರವಾದಿ ತನ್ನ ಹಾಳೆ ತಿರುಗಿಸಿ ಸಾಮಾನಿನ ಪಟ್ಟಿ ನೋಡಿದಳು. "ನನ್ ಕಡೆ ಒಂದು ಲಾಟೀನು ಐತಿ" ಅಂದಳು. "ಎಣ್ಣಿ ಒಂದ್ ಸೀಸೆ ಉಳದೈತಿ."

"ಗಾಬ್ಲಿನ್‌ಗೆ ಕಾಣುತ್ತೆ," ಅಂದೆ ನಾನು. ಹೇಳುವುದು ನನ್ನ ಕೆಲಸ.

"ಗೊತ್ತೈತಿ," ಅಂದಳು. ಆಮೇಲೆ ಎದುರು ತಿರುಗಿ, "ಭೈರಣ್ಣ, ದೀಪಾ ಹಚ್ಚೇನಿ. ಬಾ, ಊಟಾ ಮಾಡು."

ಅವನು ದಾಳ ಕೆಳಗಿಟ್ಟ. ನಾನು ಪರದೆಯ ಹಿಂದೆ ನನ್ನದನ್ನು ಕೈಗೆ ತೆಗೆದುಕೊಂಡೆ. ಗಾಬ್ಲಿನ್‌ಗಳಿಗೆ ಬೆಳಕು ಕಂಡಿತೋ ಇಲ್ಲವೋ ನೋಡಲು ಅದನ್ನು ಉರುಳಿಸಬೇಕಿತ್ತು. ಅವರಿಬ್ಬರೂ ಉಂಡು ಮುಗಿಸುವವರೆಗೆ ಉರುಳಿಸಲಿಲ್ಲ.